ನನ್ನ ಹೆಸರಿದ್ದ ಪೇಟೆಂಟು

ಧನುರ್ಮಾಸದ ಒಂದು ಬೆಳಿಗ್ಗೆ ಚಿಕ್ಕಬಳ್ಳಾಪುರದಲ್ಲಿ ಚಿಂತಾಮಣಿಯ ಬಸ್ಸು ಹತ್ತಿದೆ. ಮಂಜು ಎಷ್ಟು ದಟ್ಟವಾಗಿತ್ತೆಂದರೆ ದಾರಿಯ ಎರಡೂ ಬದಿಯ ದ್ರಾಕ್ಷಿ ತೋಟಗಳು ಕಾಣುತ್ತಿರಲಿಲ್ಲ. ಅವುಗಳ ಕಲ್ಲುಕಂಬಗಳು ಮಾತ್ರ ಒಂದೊಂದಾಗಿ ಎದ್ದು ಬಂದು ಮತ್ತೆ ಬಿಳುಪಿನಲ್ಲಿ ಕರಗಿ ಹೋಗುತ್ತಿದ್ದವು. ಶಿಡ್ಲಘಟ್ಟ ಬಂತೆಂಬುದು ಕಣ್ಣಿಗಿಂತ ಮೊದಲು ಮೂಗಿಗೆ ತಿಳಿಯಿತು. ಬೇಯುವ ರೇಷ್ಮೆಗೂಡಿನ ವಾಸನೆ. ಹೊಸಬರು ಮೂಗು ಮುಚ್ಚಿಕೊಳ್ಳುತ್ತಾರೆ. ನಾನು ಹುಟ್ಟಿ ಬೆಳೆದದ್ದು ಅದರಲ್ಲೇ. ಅದು ಕಿಟಕಿಯ ಸಂದಿಯಿಂದ ಒಳಗೆ ಬಂದು, ನನ್ನ ಪಕ್ಕ ಸ್ವಲ್ಪ ಹೊತ್ತು ಕೂತು, ಊರು ದಾಟುವಷ್ಟರಲ್ಲಿ ಇಳಿದು ಹೋಯಿತು. ಆಮೇಲೆ ನನಗೆ ಜೊಂಪು ಹತ್ತಿತು. ಎಚ್ಚರಾದಾಗ ಚಿಂತಾಮಣಿ, ಎಳೆಬಿಸಿಲು, ಮೂರು ಭಾಷೆಯಲ್ಲಿ ಕೂಗುವ ಮಾರುಕಟ್ಟೆ.

ನಾನು ಹೋದದ್ದು ಒಂದು ತರಕಾರಿ ಮಂಡಿಯ ಮಹಡಿಯ ಮೇಲಿದ್ದ ಚಿಕ್ಕ ಕೋಣೆಗೆ. ಮೂವತ್ತರ ಆಸುಪಾಸಿನ ಹೆಂಗಸೊಬ್ಬಳು ಅಲ್ಲಿ ಕೂತು ಮಂಡಿಗಳಿಗೆಂದು ಮೊಬೈಲ್ ಆ್ಯಪ್ ಮಾಡಿ ಮಾರುತ್ತಿದ್ದಳು. ಕೆಳಗಿನ ಮಂಡಿ ಆಕೆಯ ತಂದೆಯದು. ತಲೆಗೆ ದುಪಟ್ಟಾ ಹೊದ್ದು, ಎರಡು ಕಂಪ್ಯೂಟರುಗಳ ನಡುವೆ, ಒಂದು ಚೀಲ ಈರುಳ್ಳಿಯ ಪಕ್ಕದಲ್ಲಿ ಕೂತಿದ್ದಳು. ನಮ್ಮ ಸಂಬಂಧಿಕರದೊಂದು ಮಂಡಿ ಇದೆ, ಅವರಿಗೆ ಬೇಕಾಗಿತ್ತು ಎಂದು ನಾನು ಹೇಳಿದೆ. ಅದು ಸುಳ್ಳು. ನಮ್ಮ ಸಂಬಂಧಿಕರಲ್ಲಿ ಯಾರಿಗೂ ಮಂಡಿ ಇಲ್ಲ.

"ಕೂತ್ಕೊಳ್ಳಿ ಅಕ್ಕ," ಎಂದಳು ಆಕೆ. "ಮೊದ್ಲು ಒಂದು ತೋರಿಸ್ತೀನಿ. ಇದನ್ನ ನೋಡಿದ್ರೆ ಬೇರೆ ಏನೂ ಕೇಳಲ್ಲ ನೀವು."

ಫೋನು ಕೈಗೆತ್ತಿಕೊಂಡು ನೆಟ್ ಆಫ್ ಮಾಡಿದಳು. ಟೊಮ್ಯಾಟೊ ಬಾಕ್ಸುಗಳ ಲೆಕ್ಕ ಒಂದೊಂದೇ ಒತ್ತುತ್ತಾ ಹೋದಳು. ನಡುವೆ ನೆಟ್ ಹಾಕಿದಳು, ಮತ್ತೆ ತೆಗೆದಳು, ಮತ್ತೆ ಹಾಕಿದಳು. ಎದುರಿನ ಕಂಪ್ಯೂಟರಿನ ಪರದೆಯ ಮೇಲೆ ಸಾಲುಗಳು ನಿಂತು ನಿಂತು, ಆದರೆ ಒಂದೂ ತಪ್ಪದೆ ಮೂಡಿದವು.

"ನೋಡಿದ್ರಾ ಅಕ್ಕ? ಒಂದೂ ಕಳೀಲಿಲ್ಲ. ಒಂದೂ ಡಬಲ್ ಆಗಲಿಲ್ಲ. ಹರಾಜು ಹೊತ್ತಲ್ಲಿ ಇಲ್ಲಿ ಸಿಗ್ನಲ್ಲೇ ಇರಲ್ಲ. ನಮ್ಮ ಅಬ್ಬಾ ದಿನಾ ಬೈಯ್ಯೋರು, ನಿನ್ನ ಮಿಷನ್ ಅರ್ಧ ಬಾಕ್ಸ್ ತಿಂದು ಹಾಕ್ತು ಅಂತ. ಒಂದು ವರ್ಷ ತಲೆ ಕೆಡಿಸ್ಕೊಂಡು ಇದನ್ನ ಮಾಡ್ದೆ."

ಆಕೆಯ ಮುಖದಲ್ಲಿದ್ದ ಸಂತೋಷ ನನಗೆ ಗೊತ್ತಿತ್ತು. ಅದು ಎಷ್ಟೋ ವರ್ಷಗಳ ಹಿಂದೆ ನನ್ನ ಮುಖದ ಮೇಲೂ ಇತ್ತು. ಆದರೂ ನಾನು ಫೋನು ತೆಗೆದು, ನಮ್ಮವರಿಗೆ ತೋರಿಸಬೇಕು ಎಂದು ಹೇಳಿ, ಪ್ರತಿ ಪರದೆಯ ಫೋಟೊ ತೆಗೆದುಕೊಂಡೆ. ಆಕೆ ಕೆಳಗಿನಿಂದ ಟೀ ತರಿಸಿದಳು, ಬನ್ನು ತರಿಸಿದಳು. ಯಾವ ಊರು ಎಂದು ಕೇಳಿದಾಗ ಶಿಡ್ಲಘಟ್ಟ ಎಂದೆ. "ನಮ್ಮ ಅಮ್ಮೀ ತವರೂ ಅದೇ!" ಎಂದು ಇನ್ನೊಂದು ಬನ್ನು ನನ್ನ ತಟ್ಟೆಗೆ ಹಾಕಿದಳು. ಹೊರಡುವಾಗ ಹೆಸರು, ಫೋನ್ ನಂಬರು ಕೇಳಿದಳು. ಎರಡೂ ನಿಜವಾದದ್ದನ್ನೇ ಆಕೆಯ ಪುಸ್ತಕದಲ್ಲಿ ಬರೆದುಕೊಟ್ಟೆ. ಯಾಕೆ ಕೊಟ್ಟೆನೋ ಇವತ್ತಿಗೂ ತಿಳಿಯದು.

ನನ್ನ ಕೆಲಸ ಏನೆಂದು ಇಲ್ಲಿ ಹೇಳಬೇಕು. ಚಿಕ್ಕಬಳ್ಳಾಪುರದ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಶುರುವಿನಿಂದ ಇದ್ದವಳು ನಾನು. ಅದನ್ನು ಕಟ್ಟಿದವರು ಕಾಲೇಜಿನಲ್ಲಿ ನನಗೆ ಪಾಠ ಹೇಳಿದ ಮೇಷ್ಟ್ರು. ಕೆಲಸ ಬಿಟ್ಟು, ಬಳೆ ಅಂಗಡಿಯ ಮೇಲೆ ಎರಡು ಕೋಣೆ ಹಿಡಿದು, ಮೂರು ಮಂದಿ ಹಳೆಯ ವಿದ್ಯಾರ್ಥಿಗಳನ್ನು ಕರೆದರು. ಅವರನ್ನು ನಾನು ಅಂದಿನಿಂದ ಇಂದಿನವರೆಗೆ ಸರ್ ಎಂದೇ ಕರೆದದ್ದು.

ನಮಗೆ ಸಿಕ್ಕ ಮೊದಲ ದೊಡ್ಡ ಕೆಲಸ ಶಿಡ್ಲಘಟ್ಟದ್ದು. ಗೂಡಿನಿಂದ ನೂಲು ಬಿಚ್ಚುವ ರೀಲರುಗಳ ಒಂದು ಸಣ್ಣ ಸಂಘ ಅಲ್ಲಿತ್ತು. ಬೆಳಿಗ್ಗೆ ಯಾರ ಶೆಡ್ಡಿಗೆ ಎಷ್ಟು ಗೂಡು ಬಂತು ಎಂಬ ತೂಕವನ್ನು ಫೋನಿನಿಂದ ಸಂಘಕ್ಕೆ ಕಳಿಸುವ ವ್ಯವಸ್ಥೆ ಅವರಿಗೆ ಬೇಕಾಗಿತ್ತು. ನಾವು ಮಾಡಿಕೊಟ್ಟೆವು. ಅದು ಕೈಕೊಟ್ಟಿತು. ಶೀಟಿನ ಮಾಡಿನ ಕೆಳಗೆ, ಹಬೆಯ ನಡುವೆ, ಸಿಗ್ನಲ್ ಬಂದು ಹೋಗಿ ಆಡುತ್ತಿತ್ತು. ಕೆಲವು ತೂಕ ಮಾಯವಾದವು, ಕೆಲವು ಎರಡೆರಡು ಸಲ ಬಂದವು. ರೀಲರುಗಳು ನಗುತ್ತಲೇ ಬೈದರು.

ಆಗ ಅಮ್ಮ ಇನ್ನೂ ಒಂದು ಶೆಡ್ಡಿನಲ್ಲಿ ನೂಲು ಬಿಚ್ಚುವ ಕೆಲಸಕ್ಕೆ ಹೋಗುತ್ತಿದ್ದಳು. ಒಂದು ದಿನ ಅವಳ ಪಕ್ಕದಲ್ಲಿ ಸುಮ್ಮನೆ ಕೂತಿದ್ದೆ. ಬಿಸಿನೀರಿನ ಬಾಣಲೆಯಲ್ಲಿ ಗೂಡುಗಳು ಕುಣಿಯುತ್ತಿದ್ದವು. ನೀರಿನಿಂದ ಮೇಲೆದ್ದ ಎಳೆಗಳು ಹಬೆಯಲ್ಲಿ ಕಾಣುತ್ತಲೂ ಇದ್ದವು, ಕಾಣುತ್ತಲೂ ಇರಲಿಲ್ಲ. ಚರಕ ತಿರುಗುತ್ತಿತ್ತು. ಎಳೆಯೊಂದು ತುಂಡಾಯಿತು. ಅಮ್ಮ ನೀರಿನಿಂದ ತುದಿಯೊಂದನ್ನು ಎತ್ತಿ, ಬಿಟ್ಟ ಜಾಗಕ್ಕೇ ಸೇರಿಸಿದಳು. ಚರಕ ನಿಲ್ಲಲೇ ಇಲ್ಲ.

"ಎಲ್ಲಿ ಬಿಡ್ತು ಅಂತ ಹೆಂಗಮ್ಮ ಗೊತ್ತಾಗ್ತದೆ ನಿನಗೆ?" ಎಂದು ಕೇಳಿದೆ.

"ಎಷ್ಟು ಎಳೆ ಓಡ್ತಾ ಇರ್ತದೆ ಅನ್ನೋದು ಕೈಗೆ ಗೊತ್ತಿರ್ತದೆ ಕಣಮ್ಮ. ಒಂದು ಕಮ್ಮಿ ಆದ್ರೆ ಒಂದು ಸೇರಿಸ್ಬೇಕು. ಇನ್ನೊಂದು ಜಾಸ್ತಿ ಸೇರಿಸಿದ್ರೂ ನೂಲು ದಪ್ಪ ಆಗೋಗ್ತದೆ."

ಇಷ್ಟೇ ಅವಳು ಹೇಳಿದ್ದು. ಬಸ್ಸಿನಲ್ಲಿ ವಾಪಸು ಬರುವಾಗ ಅದೇ ತಲೆಯಲ್ಲಿ ಸುತ್ತಿತು. ಪ್ರತಿ ತೂಕಕ್ಕೂ ಫೋನಿನಲ್ಲೇ ಒಂದು ಕ್ರಮಸಂಖ್ಯೆ ಕೊಡಬೇಕು. ಸಿಗ್ನಲ್ ಬಂದ ಕೂಡಲೆ ಸಂಘದ ಕಂಪ್ಯೂಟರು ತನಗೆ ಬಂದ ಕೊನೆಯ ಸಂಖ್ಯೆ ಯಾವುದೆಂದು ಹೇಳಬೇಕು. ಫೋನು ಅದರ ಮುಂದಿನದರಿಂದ ಮಾತ್ರ ಕಳಿಸಬೇಕು. ಈಗ ಹೇಳುವಾಗ ಇದು ಏನೂ ಅಲ್ಲ ಅನ್ನಿಸುತ್ತದೆ. ಆಗ ಆಕಾಶ ಕೈಗೆ ಸಿಕ್ಕಂತಾಗಿತ್ತು. ಎರಡು ವಾರದಲ್ಲಿ ಬರೆದು ಮುಗಿಸಿದೆ. ಸಂಘ ಅದನ್ನು ದಿನವೂ ಬಳಸಿತು.

ಸುಮಾರು ಎರಡು ವರ್ಷವಾದ ಮೇಲೆ ದೂರದ ಊರಿನಿಂದ ಬಂಡವಾಳ ಹಾಕುವವರು ಬಂದರು. ಇದಕ್ಕೆ ಪೇಟೆಂಟ್ ಅರ್ಜಿ ಹಾಕಿ ಎಂದರು. ವಕೀಲರು ನನ್ನ ಎರಡು ಮಾತನ್ನು ಇಪ್ಪತ್ತು ಪುಟ ಮಾಡಿದರು. ಕಂಡುಹಿಡಿದವರು ಎಂಬಲ್ಲಿ ಸರ್ ಹೆಸರು, ನನ್ನ ಹೆಸರು, ಒಡೆತನ ಕಂಪನಿಯದು. ಪೇಟೆಂಟು ಮಂಜೂರಾಗಿ ಬಂದಾಗ ಆ ಕಾಗದವನ್ನು ಅಮ್ಮನಿಗೆ ತೋರಿಸಿದೆ. ಓದಲು ಬಾರದಿದ್ದರೂ ಅವಳು ನನ್ನ ಹೆಸರಿದ್ದ ಜಾಗದ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ಕೂತಿದ್ದಳು. ನಮ್ಮ ಮನೆಯ ಗೋಡೆಯಲ್ಲಿ ಬುದ್ಧನ ಪಟವೊಂದೇ ಇದ್ದದ್ದು. ಅದರ ಪಕ್ಕಕ್ಕೆ ಕಟ್ಟು ಹಾಕಿಸಿ ತೂಗುಹಾಕಿದಳು.

ಆಮೇಲಿನ ವರ್ಷಗಳು ನನಗೆ ಸರಿಯಾಗಿ ನೆನಪಿಲ್ಲ. ಒಂದರ ಮೇಲೊಂದು ಬಿದ್ದ ನೆರಳುಗಳಂತೆ ಕಾಣುತ್ತವೆ. ದೊಡ್ಡ ಕಂಪನಿಗಳು ಪುಕ್ಕಟೆ ಆ್ಯಪ್ ಕೊಡತೊಡಗಿದವು. ನಮ್ಮ ಗಿರಾಕಿಗಳು ಒಬ್ಬೊಬ್ಬರೇ ಹೋದರು. ಸಂಘವೂ ಮುಚ್ಚಿತು. ಜೊತೆಯಲ್ಲಿ ಕೆಲಸ ಮಾಡುತ್ತಿದ್ದವರು ಬಿಟ್ಟರು. ಒಂದು ದಿನ ಸರ್ ಯಾರೋ ವಕೀಲರ ಸಂಸ್ಥೆಯ ಜೊತೆ ಮಾತಾಡಿ ಬಂದು, ನಮ್ಮ ಹತ್ತಿರ ಉಳಿದಿರುವ ಆಸ್ತಿ ಪೇಟೆಂಟು ಒಂದೇ ಎಂದರು. ಅಂದಿನಿಂದ ಕಂಪನಿ ಏನನ್ನೂ ತಯಾರಿಸಲಿಲ್ಲ. ಪತ್ರ ಬರೆಯಿತು. ನೀವು ನಮ್ಮ ವಿಧಾನ ಬಳಸುತ್ತಿದ್ದೀರಿ, ಲೈಸೆನ್ಸ್ ತೆಗೆದುಕೊಳ್ಳಿ, ಇಲ್ಲದಿದ್ದರೆ ಕೋರ್ಟಿನಲ್ಲಿ ಭೇಟಿಯಾಗೋಣ ಎಂಬ ಪತ್ರ. ಮೊದಮೊದಲು ದೂರದ ದೊಡ್ಡ ಕಂಪನಿಗಳಿಗೆ ಹೋಯಿತು. ಆಗ ನನಗೆ ಒಳಗೊಳಗೇ ಹೆಮ್ಮೆ. ಬರಬರುತ್ತಾ ಚಿಕ್ಕವರಿಗೆ ಹೋಗತೊಡಗಿತು. ಕೋರ್ಟಿಗೆ ಅಲೆಯುವುದಕ್ಕಿಂತ ಲೈಸೆನ್ಸ್ ತೆಗೆದುಕೊಳ್ಳುವುದೇ ಸುಲಭವೆಂದು ಬಹಳ ಮಂದಿ ಒಪ್ಪಿಬಿಡುತ್ತಿದ್ದರು. ಪತ್ರಿಕೆಯೊಂದು ನಮ್ಮನ್ನು ಬೈದು ಬರೆಯಿತು. ಸರ್ ಆ ಪುಟವನ್ನು ಮಡಚಿ ಡ್ರಾಯರಿನಲ್ಲಿಟ್ಟರು.

ನನಗೆ ಉಳಿದ ಕೆಲಸ ಒಂದು ಪಟ್ಟಿ ತುಂಬುವುದು. ಎಡಗಡೆ ನಮ್ಮ ಪೇಟೆಂಟಿನ ವಾಕ್ಯಗಳು. ಬಲಗಡೆ ಬೇರೆಯವರ ಆ್ಯಪ್ ಅದನ್ನೇ ಹೇಗೆ ಮಾಡುತ್ತದೆ ಎಂಬುದು, ಫೋಟೊ ಸಮೇತ. ನಿದ್ದೆಯಲ್ಲಿ ನಡೆಯುವವರು ಗೋಡೆಗೆ ತಗಲದೆ ನಡೆಯುತ್ತಾರಂತೆ. ನಾನು ಹಾಗೆ ಕೆಲಸ ಮಾಡುತ್ತಿದ್ದೆ. ಚಿಂತಾಮಣಿಯ ಪಟ್ಟಿಯನ್ನೂ ಮೂರು ದಿನದಲ್ಲಿ ತುಂಬಿ ಕೊಟ್ಟು ಮರೆತೆ.

ಶಿವರಾತ್ರಿ ಕಳೆದು, ಬಿಸಿಲು ಬಲಿತ ಮೇಲೆ, ಒಂದು ಮಧ್ಯಾಹ್ನ ಫೋನು ಬಂತು.

"ಮೇಡಂ, ನಾನು ಚಿಂತಾಮಣಿಯಿಂದ. ಮಂಡಿ ಆ್ಯಪ್."

ಅಕ್ಕ ಅನ್ನಲಿಲ್ಲ. ನಾನು ಎದ್ದು ಬಾಲ್ಕನಿಗೆ ಹೋದೆ.

"ನಮಗೊಂದು ನೋಟಿಸ್ ಬಂದಿದೆ. ಅದರ ಹಿಂದೆ ಪೇಟೆಂಟ್ ಕಾಪಿ ಇದೆ. ಅದರಲ್ಲಿ ಒಂದು ಹೆಸರಿದೆ. ಆವತ್ತು ನೀವು ನನ್ನ ಪುಸ್ತಕದಲ್ಲಿ ಬರೆದ ಹೆಸರೂ ಅದೇ. ನೀವೇನಾ?"

"ನಾನೇ," ಎಂದೆ.

ಅತ್ತ ಕಡೆ ಮಾರುಕಟ್ಟೆಯ ಸದ್ದು ಕೇಳಿಸುತ್ತಿತ್ತು.

"ಒಂದು ಮಾತ್ರ ಹೇಳಿ ಮೇಡಂ. ನಾನು ಇದನ್ನ ನಿಮ್ಮಿಂದ ಕದ್ದಿದೀನಾ? ಇಲ್ಲ, ನಿಜವಾಗ್ಲೂ ಕೇಳ್ತಿದೀನಿ. ನನಗೆ ಗೊತ್ತಿಲ್ಲದ ಹಾಗೆ ಎಲ್ಲಾದ್ರೂ ನೋಡ್ಬಿಟ್ಟು ಮಾಡಿದೀನಾ ಅಂತ ನಾಲ್ಕು ದಿನದಿಂದ ಯೋಚನೆ ಮಾಡ್ತಿದೀನಿ."

"ಇಲ್ಲ. ನೀವು ಯಾರಿಂದಲೂ ಕದ್ದಿಲ್ಲ."

"ಮತ್ತೆ ಈ ಕಾಗದ ಯಾಕೆ ಹಂಗೆ ಹೇಳ್ತದೆ?"

ಆಕೆಯೇ ಫೋನು ಇಟ್ಟಳು. ಬಾಲ್ಕನಿಯ ಕೆಳಗೆ ಬಳೆ ಅಂಗಡಿಯವರು ಗಾಜಿನ ಬಳೆಗಳನ್ನು ಒರೆಸಿ ಜೋಡಿಸುತ್ತಿದ್ದರು. ಆ ಸದ್ದು ಎಲ್ಲಿಂದಲೋ, ನೀರಿನ ಆಳದಿಂದ ಬರುತ್ತಿರುವಂತೆ ಕೇಳಿಸಿತು.

ಅಂದು ಸಂಜೆಯೇ ಸರ್ ಕೋಣೆಗೆ ಹೋದೆ. ಅವರು ಕೆಟ್ಟವರಲ್ಲ. ನನ್ನ ಪರೀಕ್ಷೆಯ ಫೀಸನ್ನು ಒಂದು ವರ್ಷ ಅವರೇ ಕಟ್ಟಿದ್ದರು. ಅದನ್ನು ಎಂದೂ ಎತ್ತಿ ಆಡಿದವರಲ್ಲ. ಹಾಗಾಗಿ ಮಾತು ಶುರುಮಾಡಲು ನನಗೆ ಕಷ್ಟವಾಯಿತು.

"ಸರ್, ಚಿಂತಾಮಣಿಯವರಿಗೆ ಕಳಿಸಿದ ನೋಟಿಸ್ ವಾಪಸ್ ತಗೊಳ್ಳೋಣ. ಆಕೆ ಸ್ವಂತವಾಗಿ ಮಾಡಿದ್ದು ಅದು."

"ಸ್ವಂತವಾಗಿ ಮಾಡಿರಬಹುದು ಕಣಮ್ಮ. ಕಾನೂನು ಅದನ್ನ ಕೇಳಲ್ಲ. ಮೊದ್ಲು ಯಾರು ಅರ್ಜಿ ಹಾಕಿದ್ರು ಅಂತ ಕೇಳ್ತದೆ."

"ಮೊದ್ಲು ಅಂದ್ರೆ, ಅರ್ಜಿಗಿಂತ ಎರಡು ವರ್ಷ ಮೊದ್ಲೇ ಸಂಘದಲ್ಲಿ ಎಲ್ಲರೂ ಬಳಸ್ತಿದ್ರಲ್ಲ ಸರ್. ಇಡೀ ಶಿಡ್ಲಘಟ್ಟಕ್ಕೇ ಗೊತ್ತಿತ್ತು. ಎಲ್ಲರಿಗೂ ಗೊತ್ತಿರೋದಕ್ಕೆ ಪೇಟೆಂಟ್ ಹೆಂಗೆ ಬರ್ತದೆ?"

ಸರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕಣ್ಣಿನ ಕೆಳಗೆ ಕಪ್ಪಾಗಿತ್ತು. ಕಿಟಕಿಯ ಆಚೆ ನಂದಿಬೆಟ್ಟ ನೀಲಿಯಾಗಿ, ಯಾರೋ ಒದ್ದೆ ಬಟ್ಟೆಯಲ್ಲಿ ಅರ್ಧ ಒರೆಸಿದಂತೆ ನಿಂತಿತ್ತು.

"ಅದಕ್ಕೆ ಕಾಗದ ಏನಾದ್ರೂ ಇದೆಯಾ?" ಎಂದು ಕೇಳಿದರು. ಬೆದರಿಸುವ ದನಿಯಲ್ಲಿ ಅಲ್ಲ, ಮೆಲ್ಲಗೆ. ಅವರೂ ನಿಜವಾಗಿ ತಿಳಿಯಬೇಕೆಂದು ಕೇಳಿದಂತಿತ್ತು.

ಆ ಪ್ರಶ್ನೆಯೇ ನನ್ನನ್ನು ಎಬ್ಬಿಸಿತು. ಕಾಗದ ಇತ್ತು. ಮೆಟ್ಟಿಲಿಳಿಯುವಾಗ ಅದು ಕಣ್ಣ ಮುಂದೆ ಬಂತು. ವ್ಯವಸ್ಥೆ ಶುರುವಾದ ವರ್ಷ ಸಂಘ ಸದಸ್ಯರಿಗೂ, ಗೂಡು ಮಾರುವ ರೈತರಿಗೂ ಹಂಚಲು ಒಂದು ಗೋಡೆ ಕ್ಯಾಲೆಂಡರ್ ಅಚ್ಚು ಹಾಕಿಸಿತ್ತು. ಸಂಘದಲ್ಲಿ ಎಲ್ಲ ಜಾತಿ ಧರ್ಮದವರೂ ಇದ್ದುದರಿಂದ ಮೇಲೆ ಯಾವ ದೇವರ ಚಿತ್ರವೂ ಬೇಡವೆಂದು ಹಿಪ್ಪುನೇರಳೆ ತೋಟದ ಚಿತ್ರ ಹಾಕಿದ್ದರು. ಕೆಳಗೆ, ತಿಂಗಳುಗಳ ಅಡಿಯಲ್ಲಿ, ಹೊಸ ವ್ಯವಸ್ಥೆ ಹೇಗೆ ಕೆಲಸ ಮಾಡುತ್ತದೆ ಎಂದು ಕನ್ನಡದಲ್ಲಿ ವಿವರಿಸಿ ಬರೆದುಕೊಟ್ಟವಳು ನಾನೇ.

ಮರುದಿನ ರಾಜೀನಾಮೆ ಕೊಟ್ಟೆ. ಸರ್ ಬೇಡ ಅನ್ನಲಿಲ್ಲ. "ಮುಂದೆ ಏನು ಮಾಡ್ತೀಯಮ್ಮ?" ಎಂದು ಕೇಳಿದರು. "ಗೊತ್ತಿಲ್ಲ ಸರ್," ಎಂದೆ. ಅದು ನಿಜ.

ಚಿಂತಾಮಣಿಗೆ ಫೋನು ಮಾಡಿ ಕ್ಯಾಲೆಂಡರಿನ ವಿಷಯ ಹೇಳಿದೆ. ಆಕೆ ನಂಬಲಿಲ್ಲ. ನನ್ನನ್ನು ಯಾಕೆ ನಂಬಬೇಕು? ಆದರೂ ತನ್ನ ವಕೀಲರ ನಂಬರು ಕೊಟ್ಟಳು. ವಕೀಲರು ಬೆಂಗಳೂರಿನವರು, ಮಾತು ಬಹಳ ಕಮ್ಮಿ. "ಕಂಪನಿಯ ಒಳಗಿನ ಗುಟ್ಟು ಒಂದನ್ನೂ ನನಗೆ ಹೇಳಬೇಡಿ. ಬೀದಿಯಲ್ಲಿ ಹೋಗುವವರಿಗೂ ಕಾಣುವಂತಿದ್ದದ್ದನ್ನು ಮಾತ್ರ ಹೇಳಿ. ಕ್ಯಾಲೆಂಡರ್ ಸಿಕ್ಕರೆ ತನ್ನಿ, ಅಸಲು ಪ್ರತಿ ಬೇಕು," ಎಂದರು.

ಅಮ್ಮನಿಗೆ ಎಲ್ಲವನ್ನೂ ಹೇಳಿದೆ. ಅವಳು ಈಗ ನನ್ನ ಜೊತೆ ಚಿಕ್ಕಬಳ್ಳಾಪುರದಲ್ಲೇ ಇದ್ದಾಳೆ. ಮೊದಲು ಅವಳಿಗೆ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಗೋಡೆಯ ಕಡೆ ನೋಡಿದಳು.

"ಆ ಹುಡುಗಿ ಬನ್ನು ಕೊಟ್ಳು ಅಂದ್ಯಲ್ಲ, ತಿಂದ್ಯಾ?"

"ತಿಂದೆ."

"ಹೂಂ," ಎಂದಳು. ಅಷ್ಟೇ. ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಸೀರೆ ಉಟ್ಟು, ಚೀಲ ಹಿಡಿದು ಬಾಗಿಲಲ್ಲಿ ಕೂತಿದ್ದಳು. "ನಡಿಯಮ್ಮ, ಹೋಗಣ. ನಿನಗೆ ಅಲ್ಲಿ ಈಗ ಯಾರು ಗೊತ್ತು? ನನಗೆ ಎಲ್ಲರೂ ಗೊತ್ತು."

ಹೀಗೆ ನಾವಿಬ್ಬರೂ ಹತ್ತು ಹನ್ನೆರಡು ದಿನ ಶಿಡ್ಲಘಟ್ಟದ ಗಲ್ಲಿಗಳಲ್ಲಿ ಒಂದು ಹಳೆಯ ಕ್ಯಾಲೆಂಡರನ್ನು ಹುಡುಕಿದೆವು. ನನ್ನ ಬದುಕಿನಲ್ಲಿ ಅಷ್ಟು ಹಗುರಾದ ದಿನಗಳು ಕಡಿಮೆ ಎಂದರೆ ಯಾರಾದರೂ ನಗಬಹುದು. ಕೆಲಸವಿಲ್ಲ, ಎದೆಯಲ್ಲಿ ಭಾರವಿದೆ, ಆದರೂ ಕಾಲು ನೆಲ ಮುಟ್ಟದಂತೆ ನಡೆಯುತ್ತಿದ್ದೆ. ಸಂಘವಿದ್ದ ಕಟ್ಟಡದಲ್ಲಿ ಈಗ ಬಟ್ಟೆ ಅಂಗಡಿ. ಅಚ್ಚು ಹಾಕಿದ ಪ್ರೆಸ್ಸಿನವರು ಈಗ ಫ್ಲೆಕ್ಸ್ ಮಾತ್ರ ಮಾಡುತ್ತಾರೆ; ಹಳೆಯದೆಲ್ಲ ರದ್ದಿಗೆ ಹೋಗಿದೆ. ಅಮ್ಮ ಮನೆ ಮನೆಗೆ ಕರೆದುಕೊಂಡು ಹೋದಳು. ಒಂದು ಶೆಡ್ಡಿನಲ್ಲಿ ಹಬೆಯ ಆಚೆಯಿಂದ ಯಾರೋ "ಯಾರು, ಮೂರನೇ ಬಾಣಲೆ ಅಮ್ಮಾನಾ?" ಎಂದು ಕೂಗಿದರು, ಮುಖ ಕಾಣುವ ಮೊದಲೇ ಅಮ್ಮ ನಗತೊಡಗಿದ್ದಳು. ಎಲ್ಲರಿಗೂ ಕ್ಯಾಲೆಂಡರ್ ನೆನಪಿತ್ತು. ಯಾರ ಬಳಿಯೂ ಇರಲಿಲ್ಲ. ಒಬ್ಬರು ಮಕ್ಕಳ ಪುಸ್ತಕಕ್ಕೆ ಹೊದಿಸಿದ್ದರು. ಒಬ್ಬರು ಹುಳು ಸಾಕುವ ತಟ್ಟೆಯ ತಳಕ್ಕೆ ಹಾಸಿದ್ದರು. "ಗಟ್ಟಿ ಕಾಗದ ಅದು, ಚೆನ್ನಾಗಿತ್ತು," ಎಂದು ಹೊಗಳಿದರು. ಒಂದೊಂದು ಮನೆಯಲ್ಲೂ ಟೀ. ಕೆಲವು ಸಲ ಬಂದದ್ದೇಕೆಂದು ನಮಗೇ ಮರೆತು ಹೋಗುತ್ತಿತ್ತು.

ಕೊನೆಗೆ ಒಬ್ಬ ವಯಸ್ಸಾದ ರೀಲರ್ ಹೇಳಿದರು: "ದಿಬ್ಬೂರಹಳ್ಳೀಲಿ ಒಬ್ರು ಗೂಡು ತರೋರು. ಅವ್ರ ಸೊಸೆ ಚೀಟಿ ಗೀಟಿ ಒಂದೂ ಬಿಸಾಕಲ್ಲ. ಕೇಳ್ನೋಡಿ."

ದಿಬ್ಬೂರಹಳ್ಳಿಯ ಆ ಮನೆ ದೊಡ್ಡದು. ಹಿಂದೆ ಹಿಪ್ಪುನೇರಳೆ ತೋಟ, ಪಕ್ಕದಲ್ಲಿ ಹುಳು ಮನೆ. ಅಮ್ಮ ಚಿಕ್ಕವಳಿದ್ದಾಗ ಅದೇ ತೋಟಕ್ಕೆ ಸೊಪ್ಪು ಕೊಯ್ಯುವ ಕೂಲಿಗೆ ಬಂದಿದ್ದಳಂತೆ. ಅದನ್ನು ಅವಳು ಹೇಳಿದ್ದು ಬಾಗಿಲ ಮುಂದೆ ನಿಂತ ಮೇಲೆ. ಸೊಸೆ ಹೊರಗೆ ಬಂದರು. ನಲವತ್ತು ದಾಟಿದ, ಗಟ್ಟಿ ದನಿಯ ಹೆಂಗಸು. "ರಾ ಅಮ್ಮ, ಒಳಗೆ ಬನ್ನಿ," ಎಂದು ತೆಲುಗು ಬೆರೆಸಿ ಕರೆದರು. ಅಮ್ಮ "ಇಲ್ಲೇ ಗಾಳಿ ಚೆನ್ನಾಗಿದೆ," ಎಂದು ಜಗಲಿಯ ಮೇಲೆ ಕೂತುಬಿಟ್ಟಳು. ಅವರು ಒಂದು ಗಳಿಗೆ ಅಮ್ಮನನ್ನು ನೋಡಿದರು. ಮತ್ತೆ ಕರೆಯಲಿಲ್ಲ. ತಾವೇ ಬಂದು ಅಮ್ಮನ ಪಕ್ಕಕ್ಕೆ, ಜಗಲಿಯ ಮೇಲೆ ಕೂತರು.

ನಾನು ವಿಷಯ ಹೇಳಿದೆ. ಅವರು ಎದ್ದು ಒಳಗೆ ಹೋದರು. ಟ್ರಂಕಿನ ಮುಚ್ಚಳ ತೆಗೆದ ಸದ್ದು ಕೇಳಿಸಿತು. ಬಂದಾಗ ಕೈಯಲ್ಲಿ ಹಳೆಯ ಪಂಚೆಯಲ್ಲಿ ಸುತ್ತಿದ ಸುರುಳಿಯಿತ್ತು. ಜಗಲಿಯ ಮೇಲೆ ಬಿಚ್ಚಿ, ನಾಲ್ಕು ಮೂಲೆಗೂ ನಾಲ್ಕು ಲೋಟ ಇಟ್ಟರು.

ಹಸಿರು ತೋಟದ ಚಿತ್ರ ಮಾಸಿತ್ತು. ಅದರ ಕೆಳಗೆ ಹನ್ನೆರಡು ತಿಂಗಳೂ ಪೆನ್ಸಿಲಿನ ಸಣ್ಣ ಅಕ್ಷರಗಳಿಂದ ತುಂಬಿದ್ದವು. ಮಗುಚಿಕೊಂಡಳು. ಅಂಬೆಗಾಲು. ಮೊದಲ ಹಲ್ಲು. ಜ್ವರ. ಎರಡನೇ ಜ್ವರ. ಅಪ್ಪ ಅಂದಳು.

"ಇಷ್ಟೊಂದು ಜ್ವರ ಬರ್ತಿತ್ತಾ ಮಗೂಗೆ?" ಎಂದೆ.

ಅವರು ಜೋರಾಗಿ ನಕ್ಕರು. "ಇದು ಮಗೂದು, ಇದು ಹುಳೂದು!"

ಹುಳು ಮೇಯುವುದನ್ನು ಬಿಟ್ಟು ಪೊರೆ ಕಳಚುವುದನ್ನು ನಮ್ಮ ಕಡೆ ಜ್ವರ ಅನ್ನುತ್ತಾರೆ. ಅದು ನನಗೂ ಗೊತ್ತಿದ್ದದ್ದೇ. ಆ ವರ್ಷ ಹೊಸ ಬಾಣಂತಿ, ಮನೆ ತುಂಬ ಹುಳು. ಎರಡನ್ನೂ ಒಂದೇ ಕ್ಯಾಲೆಂಡರಿನಲ್ಲಿ ಬರೆದಿದ್ದರು.

ಅದೆಲ್ಲದರ ಕೆಳಗೆ ನನ್ನ ವಾಕ್ಯಗಳು ಇದ್ದವು. 'ಸಿಗ್ನಲ್ ಹೋದರೆ ಗಾಬರಿಯಾಗಬೇಡಿ. ಪ್ರತಿ ತೂಕಕ್ಕೂ ಫೋನು ಒಂದು ಸಂಖ್ಯೆ ಕೊಟ್ಟು ಇಟ್ಟುಕೊಂಡಿರುತ್ತದೆ. ಸಂಘದ ಕಂಪ್ಯೂಟರು ತನಗೆ ಬಂದ ಕೊನೆಯ ಸಂಖ್ಯೆ ಹೇಳುತ್ತದೆ. ಮುಂದಿನದು ಮಾತ್ರ ಹೋಗುತ್ತದೆ. ಒಮ್ಮೆ ಹೋದದ್ದು ಮತ್ತೆ ಹೋಗುವುದಿಲ್ಲ.' ಇಪ್ಪತ್ತು ಪುಟದ ಪೇಟೆಂಟಿನಲ್ಲಿದ್ದದ್ದೆಲ್ಲ ಈ ಐದು ವಾಕ್ಯದಲ್ಲಿತ್ತು. ಮೇಲೆ ವರ್ಷ ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು. ಆ ವಾಕ್ಯಗಳನ್ನು ಬರೆದ ಹುಡುಗಿ ಯಾರೋ ಬೇರೆಯವಳು, ನನಗೆ ದೂರದಿಂದ ಪರಿಚಯವಿದ್ದವಳು ಅನ್ನಿಸಿ ಕಣ್ಣು ಮಂಜಾಯಿತು.

"ಇದನ್ನ ಸ್ವಲ್ಪ ದಿನಕ್ಕೆ ಕೊಡ್ತೀರಾ?" ಎಂದೆ.

"ಕೊಡಲ್ಲಮ್ಮ," ಎಂದರು ತಕ್ಷಣ. "ತಪ್ಪು ತಿಳ್ಕೋಬೇಡಿ. ಇದು ನನ್ನ ಮಗಳದು. ಈಗ ಏಳನೇ ಕ್ಲಾಸು, ಮದ್ವೆ ಹೊತ್ಗೆ ಕೊಡಣ ಅಂತ ಇಟ್ಟಿದೀನಿ. ಫೋಟೊ ತಕ್ಕೊಳ್ಳಿ ಬೇಕಾದ್ರೆ."

ಫೋಟೊ ಸಾಲದು, ವಕೀಲರು ಅಸಲು ಕೇಳಿದ್ದಾರೆ ಎಂದು ವಿವರಿಸಿದೆ. ಅವರು ತಲೆಯಾಡಿಸಿದರು. ಆಗ ಅಮ್ಮ ಕೇಳಿದಳು.

"ಕ್ಯಾಲೆಂಡ್ರು ಬೇಡ. ನೀವೇ ಬರ್ತೀರಾ ತಾಯಿ? ಹಿಡ್ಕೊಂಡು ಬನ್ನಿ, ತೋರಿಸಿ, ಹಿಡ್ಕೊಂಡು ಹೋಗಿ. ನಿಮ್ಮ ಕೈ ಬಿಟ್ಟು ಎಲ್ಲೂ ಹೋಗದು ಬೇಡ."

ಅವರು ಯೋಚಿಸಿದರು. "ಯಾವೂರಿಗೆ?"

"ಚಿಂತಾಮಣಿಗೆ."

"ಹಂಗಾದ್ರೆ ಸರಿ. ನನಗೂ ಅಲ್ಲಿ ಒಂದು ಸೀರೆ ತಗೋಬೇಕು."

ಮುಂದಿನ ವಾರ ಮಂಡಿಯ ಮೇಲಿನ ಆ ಕೋಣೆಯಲ್ಲಿ ಎಲ್ಲರೂ ಸೇರಿದೆವು. ವಕೀಲರು ಬೆಂಗಳೂರಿನಿಂದ ಬಂದಿದ್ದರು, ಜೊತೆಗೆ ಊರಿನ ಒಬ್ಬ ನೋಟರಿ. ಚಿಂತಾಮಣಿಯ ಹೆಂಗಸು ನನಗೆ ಕುರ್ಚಿ ತೋರಿಸಿದಳು. ಕ್ಯಾಲೆಂಡರನ್ನು ಮೇಜಿನ ಮೇಲೆ ಹರಡಿದರು. ವಕೀಲರು ಕನ್ನಡಕ ಹಣೆಗೇರಿಸಿ ಕೆಳಗಿನ ವಾಕ್ಯಗಳನ್ನು ಎರಡು ಸಲ ಓದಿದರು. ಅವರ ಮುಖ ಅರಳಿದ್ದು ಅಂದು ಒಮ್ಮೆ ಮಾತ್ರ.

ದಿಬ್ಬೂರಹಳ್ಳಿಯವರು ಕ್ಯಾಲೆಂಡರಿನ ಒಂದು ಮೂಲೆಯ ಮೇಲಿಟ್ಟ ಕೈ ತೆಗೆಯದೆಯೇ ಚಿಂತಾಮಣಿಯವಳನ್ನು ಕೇಳಿದರು: "ಏನಮ್ಮ, ಅವ್ರಿಗೂ ಇದೇ ಹೊಳೀತು, ನಿನಗೂ ಇದೇ ಹೊಳೀತಾ?"

"ಹೌದು, ಹೊಳೀತು."

"ಒಬ್ಬರನ್ನೊಬ್ರು ಕೇಳ್ದೇನೆ?"

"ಕೇಳ್ದೇನೇ."

"ಒಳ್ಳೇದೇ ಆಯ್ತಲ್ಲ. ಇದರಲ್ಲಿ ಜಗಳ ಏನು?"

ವಕೀಲರು ಕಾಗದ ಜೋಡಿಸುತ್ತಾ ಗಂಟಲು ಸರಿಮಾಡಿಕೊಂಡರು. ಚಿಂತಾಮಣಿಯವಳು ನನ್ನ ಕಡೆ ನೋಡಿದಳು, ಆ ದಿನ ಮೊದಲ ಸಲ. ನಾನು, ಅರ್ಜಿಗೆ ಎರಡು ವರ್ಷ ಮೊದಲೇ ಈ ವಿಧಾನ ಸಾರ್ವಜನಿಕರ ಬಳಕೆಯಲ್ಲಿತ್ತು, ಈ ಕ್ಯಾಲೆಂಡರಿನ ಬರಹ ನನ್ನದು ಎಂಬ ಹೇಳಿಕೆಗೆ ಸಹಿ ಮಾಡಿದೆ. ಪೇಟೆಂಟಿನ ಅರ್ಜಿಯಲ್ಲಿದ್ದ ಸಹಿಯೂ ಇದೂ ಒಂದೇ ಥರ ಇದ್ದವು.

ಕೆಲಸ ಮುಗಿದ ಮೇಲೆ ಅಮ್ಮನೂ ದಿಬ್ಬೂರಹಳ್ಳಿಯವರೂ ಸೀರೆ ಅಂಗಡಿಗೆ ಹೋದರು. ನಾನು ಮೆಟ್ಟಿಲ ಬಳಿ ನಿಂತು ಚಿಂತಾಮಣಿಯವಳಿಗೆ ಕ್ಷಮಿಸಿ ಎಂದೆ.

"ಮಾಫ್ ಮಾಡಿದೀನಾ ಇಲ್ವಾ ಅಂತ ನನಗೇ ಗೊತ್ತಿಲ್ಲ ಮೇಡಂ," ಎಂದಳು. "ಆವತ್ತು ನೀವು ಫೋಟೊ ತೆಗೀತಿದ್ರಿ. ನಿಮಗೆ ಚೆನ್ನಾಗಿ ಬರ್ಲಿ ಅಂತ ನಾನು ಬೆರಳು ಅಡ್ಡ ಬರದ ಹಾಗೆ ಫೋನು ಹಿಡ್ಕೊಂಡಿದ್ದೆ. ಅದೇ ನೆನಪಾಗ್ತದೆ."

ವಕೀಲರು ನನ್ನ ಹೇಳಿಕೆಯನ್ನೂ, ನೋಟರಿಯ ಮೊಹರಿದ್ದ ಕ್ಯಾಲೆಂಡರಿನ ನಕಲನ್ನೂ ಕಂಪನಿಗೆ ಕಳಿಸಿದರು. ನಾಲ್ಕು ತಿಂಗಳ ನಂತರ ಕಂಪನಿಯಿಂದ ಆಕೆಗೆ ಎರಡು ಸಾಲಿನ ಪತ್ರ ಬಂತು. ಈ ವಿಷಯದಲ್ಲಿ ಮುಂದುವರಿಯುವ ಇಚ್ಛೆ ನಮಗಿಲ್ಲ, ಅಷ್ಟೇ. ತಪ್ಪು ಎಂದಾಗಲಿ, ಕ್ಯಾಲೆಂಡರ್ ಎಂದಾಗಲಿ ಅದರಲ್ಲಿ ಇರಲಿಲ್ಲ. ಪೇಟೆಂಟನ್ನೇ ರದ್ದು ಮಾಡಿಸಲು ಹೋಗಬಹುದು, ಆದರೆ ವರ್ಷಗಳು ಹಿಡಿಯುತ್ತವೆ ಎಂದು ವಕೀಲರು ಹೇಳಿದರಂತೆ. "ನನಗೆ ಕೆಲಸ ಇದೆ ಸರ್," ಎಂದು ಆಕೆ ಬೇಡವೆಂದಳಂತೆ. ಹಾಗಾಗಿ ಪೇಟೆಂಟು ಹಾಗೇ ಇದೆ, ನನ್ನ ಹೆಸರಿನ ಜೊತೆ. ನಮ್ಮ ಗೋಡೆಯಲ್ಲಿದ್ದದ್ದನ್ನು ಮಾತ್ರ ಅಮ್ಮ ಒಂದು ದಿನ ತೆಗೆದು ಬೀರುವಿನ ಹಿಂದೆ ಇಟ್ಟಳು. ಬಿಸಾಡಲಿಲ್ಲ.

ಸರ್ ಒಮ್ಮೆ ಸಂತೆಯಲ್ಲಿ ಸಿಕ್ಕಿದರು. ಸೊಪ್ಪು ಕೊಳ್ಳುತ್ತಿದ್ದರು, ತುಂಬ ಸೊರಗಿದ್ದರು. ಅಮ್ಮ ಹೇಗಿದ್ದಾರೆ ಎಂದು ಕೇಳಿದರು. ಆಮೇಲೆ, ಸೊಪ್ಪಿನ ಕಟ್ಟು ಚೀಲಕ್ಕೆ ಹಾಕುತ್ತಾ, "ಕ್ಯಾಲೆಂಡರ್ ಯಾರ ಮನೆಲಿತ್ತಮ್ಮ?" ಎಂದರು.

ಹೇಳಿದೆ.

"ಅದರ ಪ್ರೂಫ್ ನೋಡಿದ್ದು ನಾನೇ," ಎಂದರು. "ಗಾಬರಿ ಅನ್ನೋದಕ್ಕೆ ಪ್ರೆಸ್ಸಿನೋರು ಗೋಬರಿ ಅಂತ ಹಾಕಿದ್ರು." ನಕ್ಕರು. ನನಗೂ ನಗು ಬಂತು. ಆಮೇಲೆ ಇಬ್ಬರೂ ಬೇರೆ ಬೇರೆ ದಾರಿ ಹಿಡಿದೆವು.

ಈಗ ನಾನು ವಾರದಲ್ಲಿ ನಾಲ್ಕು ದಿನ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತೇನೆ. ಉಳಿದ ದಿನ ಆಗಾಗ ಯಾರಾದರೂ ಫೋನು ಮಾಡುತ್ತಾರೆ. ಮೊನ್ನೆ ಗೌರಿಬಿದನೂರಿನಿಂದ ಒಬ್ಬ ಹೆಂಗಸು ಮಾಡಿದ್ದರು. ಖಾಸಗಿ ಬಸ್ಸುಗಳಿಗೆ ಟಿಕೆಟ್ ಕೊಡುವ ಆ್ಯಪ್ ಮಾಡಿದ್ದಾರಂತೆ, ಪೇಟೆಂಟಿನ ವಿಷಯವಾಗಿ ಯಾವುದೋ ಕಂಪನಿಯ ಪತ್ರ ಬಂದಿದೆಯಂತೆ, ಚಿಂತಾಮಣಿಯವರು ನನ್ನ ನಂಬರು ಕೊಟ್ಟರಂತೆ. ಯಾವ ಚಿಂತಾಮಣಿಯವರು ಎಂದು ನಾನು ಕೇಳಲಿಲ್ಲ.

ಗೌರಿಬಿದನೂರಿನ ಬಸ್ಸಿನಲ್ಲಿ ಕಿಟಕಿಗೆ ತಲೆ ಕೊಟ್ಟು ಕೂತಿದ್ದೆ. ಮೋಡ ಕವಿದ ದಿನ. ಬೆಟ್ಟಗಳು ಹತ್ತಿರ ಬಂದು, ಏನೋ ಹೇಳಲು ಬಂದವರು ಮನಸ್ಸು ಬದಲಿಸಿದಂತೆ ದೂರ ಸರಿಯುತ್ತಿದ್ದವು. ಜೋಳದ ಹೊಲ, ಒಂದು ಕೆರೆ, ಕೆರೆಯಲ್ಲಿ ನಿಂತ ಬಿಳಿ ಹಕ್ಕಿ. ನಿದ್ದೆಯೋ ಎಚ್ಚರವೋ ತಿಳಿಯದ ಹಾಗೆ ಊರು ಬಂತು.

ಆಕೆ ಬಸ್ ಸ್ಟ್ಯಾಂಡಿನ ಹತ್ತಿರದ ಮನೆಯಲ್ಲೇ ಆಫೀಸು ಮಾಡಿಕೊಂಡಿದ್ದರು. ಪತ್ರವನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಟ್ಟಿದ್ದರು. ಮೊದಲ ಪುಟ ದಾಟಿ ಓದಲು ಧೈರ್ಯವಾಗಲಿಲ್ಲ ಎಂದರು. ನಾನು ಕುಡಿಯಲು ನೀರು ಕೇಳಿದೆ. ಕುಡಿದು, ಕುರ್ಚಿ ಎಳೆದುಕೊಂಡು ಅವರ ಪಕ್ಕ ಕೂತು, ಆ ಇಂಗ್ಲಿಷ್ ಪತ್ರವನ್ನು ಮೊದಲ ಸಾಲಿನಿಂದ ಕನ್ನಡದಲ್ಲಿ ಗಟ್ಟಿಯಾಗಿ ಓದಿ ಹೇಳತೊಡಗಿದೆ.